ಕೊಚ್ಚಿ ಬಂದರನ್ನು ಸಾರ್ವಜನಿಕ ಬೋಟಿನಲ್ಲಿ ಸುತ್ತುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಚ್ಚಿಗೆ ಹೊರಟವರು, ಹೋಗಿ ಬಂದವರು, ಹೋಗೋದೋ ಬೇಡವೋ ಅಂತ ಯೋಚಿಸುತ್ತಿರುವವರು ಮಾತಿನಲ್ಲಿ, ಪತ್ರದಲ್ಲಿ, ಮೆಸೇಜಿನಲ್ಲಿ ಕೇಳಿದ ಪ್ರಶ್ನೆಗಳು ಇವು. ಸುಲಭದ್ದು ಮೊದಲು, ಕೆದಕುವಂಥದ್ದು ಆಮೇಲೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ಬಂದರನ್ನು ನೋಡಲು ಟೂರಿಸ್ಟ್ ಬೋಟು ಬೇಕಿಲ್ಲ. ಅಲ್ಲಿನ ಜನ ಆಫೀಸಿಗೆ, ಶಾಲೆಗೆ, ಮೀನು ಮಾರುಕಟ್ಟೆಗೆ ಹೋಗುವ ಬೋಟೇ ಸಾಕು.

## ಮೊದಲ ಸಲ ಹೋಗುವವರಿಗೆ

ಕೊಚ್ಚಿಯಲ್ಲಿ ಬೋಟು ಅಂದ್ರೆ ಯಾವುದು? ಮೂರ್ನಾಲ್ಕು ಹೆಸರು ಕೇಳಿ ತಲೆ ಕೆಟ್ಟಿದೆ.

ಮೂರೇ ಮೂರು ನೆನಪಿಟ್ಟುಕೊಳ್ಳಿ. ಒಂದು, ಕೇರಳ ಸರ್ಕಾರದ ಜಲ ಸಾರಿಗೆ ಇಲಾಖೆಯ ಹಳೇ ಬೋಟು. ಈ ಇಲಾಖೆ 1968ರಿಂದ ಇದೆ, ಕೇಂದ್ರ ಕಚೇರಿ ಆಲಪ್ಪುಳದಲ್ಲಿ. ಕೊಚ್ಚಿಯ ಒಳನಾಡಿನ ಭಾಗ ಎರ್ನಾಕುಳಂ, ಅಲ್ಲಿನ ಮೇನ್ ಬೋಟ್ ಜೆಟ್ಟಿಯಿಂದ (ಬೋಟು ನಿಲ್ಲುವ ಕಟ್ಟೆ) ಇವು ಹೊರಡುತ್ತವೆ. ಎರಡು, ವಾಟರ್ ಮೆಟ್ರೋ. 2023ರ ಏಪ್ರಿಲ್‌ನಲ್ಲಿ ಶುರುವಾದ ಎಸಿ ಬೋಟು, ಬ್ಯಾಟರಿಯಲ್ಲಿ ಓಡುತ್ತದೆ. ಇದರ ಮುಖ್ಯ ನಿಲ್ದಾಣ ಹೈಕೋರ್ಟ್ ಹತ್ತಿರ ಇದೆ. ಮೂರು, ಕೊಚ್ಚಿಯ ಹಳೇ ಭಾಗವಾದ ಫೋರ್ಟ್ ಕೊಚ್ಚಿಗೂ ವೈಪಿನ್ ದ್ವೀಪಕ್ಕೂ ಮಧ್ಯೆ ಓಡಾಡುವ ರೋ-ರೋ. ಅದರಲ್ಲಿ ಕಾರು, ಬೈಕು, ಜನ ಎಲ್ಲ ಒಟ್ಟಿಗೆ ದಾಟುತ್ತಾರೆ.

ಮರೀನ್ ಡ್ರೈವ್‌ನಲ್ಲಿ ನಿಮ್ಮನ್ನು ಕೂಗಿ ಕರೆಯುವ ಬೋಟುಗಳು ಈ ಮೂರರಲ್ಲಿ ಯಾವುದೂ ಅಲ್ಲ. ಅವು ಖಾಸಗಿ.

ಎಷ್ಟು ದುಡ್ಡು ಆಗುತ್ತೆ? ಮೊದಲೇ ಬುಕ್ ಮಾಡ್ಬೇಕಾ?

ಹಳೇ ಬೋಟಿಗೆ ಹತ್ತು ರೂಪಾಯಿ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತದೆ, ಅಷ್ಟು ಅಗ್ಗ. ವಾಟರ್ ಮೆಟ್ರೋ ದಾರಿಗೆ ತಕ್ಕಂತೆ 20ರಿಂದ 40 ರೂಪಾಯಿ. ಹೈಕೋರ್ಟ್‌ನಿಂದ ಫೋರ್ಟ್ ಕೊಚ್ಚಿಗೆ 40. ರೋ-ರೋದಲ್ಲಿ ನಡೆದು ಹತ್ತುವವರಿಗೆ ಜುಜುಬಿ ದುಡ್ಡು. ಒಬ್ಬರು ಇಡೀ ದಿನ ಸುತ್ತಿದರೂ ಬೋಟಿನ ಖರ್ಚು ಒಂದು ಒಳ್ಳೆ ಊಟದಷ್ಟೂ ಆಗುವುದಿಲ್ಲ.

ಬುಕಿಂಗ್ ಬೇಕಿಲ್ಲ. ಆದರೆ ರಜಾ ದಿನ ಸಂಜೆ ಫೋರ್ಟ್ ಕೊಚ್ಚಿಯಿಂದ ವಾಪಸ್ ಬರುವ ವಾಟರ್ ಮೆಟ್ರೋಗೆ ಉದ್ದ ಕ್ಯೂ ಇರುತ್ತದೆ. ಅದರಲ್ಲಿ ಲೆಕ್ಕಕ್ಕಿಂತ ಒಬ್ಬರನ್ನೂ ಜಾಸ್ತಿ ಬಿಡುವುದಿಲ್ಲ, ಹಾಗಾಗಿ ಒಂದೆರಡು ಬೋಟು ಕಾಯಬೇಕಾಗಬಹುದು. ಚಿಲ್ಲರೆ ಮಾತ್ರ ಮರೆಯದೆ ಇಟ್ಟುಕೊಳ್ಳಿ. ಹಳೇ ಜೆಟ್ಟಿಯ ಕೌಂಟರಿನಲ್ಲಿ 500ರ ನೋಟು ಚಾಚಿದರೆ ಒಳಗಿರುವವರ ಮುಖ ನೋಡಬೇಕು.

ರೈಲು ಇಳಿದು ಜೆಟ್ಟಿಗೆ ಹೇಗೆ ಹೋಗೋದು?

ಎರ್ನಾಕುಳಂನಲ್ಲಿ ಎರಡು ದೊಡ್ಡ ಸ್ಟೇಷನ್. ಜಂಕ್ಷನ್ ಅನ್ನು ಎಲ್ಲರೂ ಸೌತ್ ಅಂತಾರೆ, ಟೌನ್ ಅನ್ನು ನಾರ್ತ್ ಅಂತಾರೆ. ಬೆಂಗಳೂರಿನ ಇಂಟರ್‌ಸಿಟಿ ಸೌತ್‌ಗೆ ಹೋಗುತ್ತದೆ, ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ನಾರ್ತ್‌ನಲ್ಲಿ ನಿಲ್ಲುತ್ತದೆ. ಸೌತ್‌ನಿಂದ ಮೇನ್ ಬೋಟ್ ಜೆಟ್ಟಿ ಹತ್ತಿರ, ನಾರ್ತ್‌ನಿಂದ ಹೈಕೋರ್ಟ್ ಹತ್ತಿರ. ಎರಡಕ್ಕೂ ಆಟೋ ಸಾಕು. ಲಗೇಜು ಕಮ್ಮಿ ಇದ್ದರೆ ನಡೆದೇ ಹೋಗಬಹುದು. ಮೇನ್ ಜೆಟ್ಟಿ ಸುಭಾಷ್ ಪಾರ್ಕಿನ ಪಕ್ಕದಲ್ಲೇ ಇದೆ.

ಅಂದಹಾಗೆ, ಐಲ್ಯಾಂಡ್ ಎಕ್ಸ್‌ಪ್ರೆಸ್ ಹಿಂದೆ ಬೆಂಗಳೂರಿನಿಂದ ಈ ಬಂದರಿನ ನಡುವಿನ ವಿಲ್ಲಿಂಗ್ಡನ್ ದ್ವೀಪದ ಹಾರ್ಬರ್ ಟರ್ಮಿನಸ್‌ಗೇ ಹೋಗುತ್ತಿತ್ತು. ನಮ್ಮವರು ಆಗ ರೈಲಿನಿಂದ ಇಳಿದರೆ ಎದುರಿಗೇ ಹಡಗು.

ಮಲಯಾಳಂ ಬರಲ್ಲ. ತೊಂದ್ರೆ ಆಗುತ್ತಾ?

ಇಲ್ಲ. ಬೋರ್ಡುಗಳಲ್ಲಿ ಇಂಗ್ಲಿಷ್ ಇರುತ್ತದೆ. ಆದರೂ ಮೇನ್ ಜೆಟ್ಟಿಯಲ್ಲಿ ಒಂದರ ಪಕ್ಕ ಒಂದು ಬೋಟು ನಿಂತಿರುತ್ತವೆ, ಹತ್ತುವ ಮೊದಲು ಕೇಳುವುದು ವಾಸಿ. ‘ಚೇಟ್ಟಾ, ಫೋರ್ಟ್ ಕೊಚ್ಚಿ ಪೋಗುಮೋ?’ ಅಂದರೆ ಸಾಕು. ಹೆಂಗಸರಾದರೆ ‘ಚೇಚ್ಚಿ’. ಉತ್ತರ ಅರ್ಥವಾಗದಿದ್ದರೂ ಕೈ ತೋರಿಸುತ್ತಾರೆ.

ವಾಟರ್ ಮೆಟ್ರೋನಾ, ಹಳೇ ಬೋಟಾ? ಒಂದೇ ಹೇಳಿ.

ಒಂದೇ ಅಂದರೆ ಹಳೇದು. ಎಸಿ ಇಲ್ಲ, ಆದರೆ ಬದಿಗಳು ತೆರೆದಿರುತ್ತವೆ. ಮುಖಕ್ಕೆ ಗಾಳಿ ಹೊಡೆಯುತ್ತದೆ, ಡೀಸೆಲ್ ವಾಸನೆ ಬರುತ್ತದೆ, ಹಡಗಿನ ಹಾರ್ನ್ ಎದೆಗೇ ಬಡಿಯುತ್ತದೆ. ವಾಟರ್ ಮೆಟ್ರೋದ ಕಿಟಕಿ ದೊಡ್ಡದು, ಚೊಕ್ಕಟವಾಗಿದೆ, ನೋಟಕ್ಕೆ ಮೋಸವಿಲ್ಲ. ಆದರೂ ಗಾಜಿನ ಹಿಂದೆ ಕೂತು ನೋಡಿದ ಹಾಗೆಯೇ. ಹೋಗುವಾಗ ಒಂದು, ಬರುವಾಗ ಇನ್ನೊಂದು ಹಿಡಿಯಲು ಯಾರೂ ಅಡ್ಡಿ ಮಾಡುವುದಿಲ್ಲ ಅಲ್ವಾ?

## ಹತ್ತಿದ ಮೇಲೆ

ಯಾವ ಕಡೆ ಕೂತರೆ ಚೆನ್ನಾಗಿ ಕಾಣುತ್ತೆ?

ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ಹೋಗುವಾಗ ಬೋಟು ಪಶ್ಚಿಮಕ್ಕೆ ಹೋಗುತ್ತದೆ. ಎಡಕ್ಕೆ ವಿಲ್ಲಿಂಗ್ಡನ್ ದ್ವೀಪ, ಅದರ ಉತ್ತರದ ತುದಿಯಲ್ಲಿ ಹಳೇ ಹೋಟೆಲ್ಲು, ಬಂದರಿನ ಕಟ್ಟೆಗಳು. ಬಲಕ್ಕೆ ಬೋಲ್ಗಾಟ್ಟಿ ದ್ವೀಪ. ಅಲ್ಲಿ 1744ರಲ್ಲಿ ಡಚ್ಚರು ಕಟ್ಟಿದ ಅರಮನೆ ಮರಗಳ ನಡುವೆ ಇದೆ. ಸ್ವಲ್ಪ ಮುಂದೆ ವಲ್ಲಾರ್‌ಪಾಡಂನ ಕಂಟೇನರ್ ಟರ್ಮಿನಲ್, 2011ರಲ್ಲಿ ಶುರುವಾದದ್ದು. ಅದರ ಕ್ರೇನುಗಳು ಬೋಟಿನ ಮೇಲೇ ಬಗ್ಗಿದಂತೆ ಕಾಣುತ್ತವೆ.

ನನ್ನ ಆಯ್ಕೆ ಬಲಗಡೆ. ಅದರಲ್ಲೂ ಕಂಟೇನರ್ ಹಡಗು ನಿಂತಿದ್ದ ದಿನ. ಆ ಕಬ್ಬಿಣದ ಗೋಡೆಯ ಪಕ್ಕ ಒಂದು ಸಣ್ಣ ದೋಣಿಯಲ್ಲಿ ಒಬ್ಬ ಬಲೆ ಬೀಸುತ್ತಾ ನಿಂತಿರುತ್ತಾನೆ. ಇಪ್ಪತ್ತು ನಿಮಿಷದ ದಾರಿ, ಕಣ್ಣು ಮೊಬೈಲಿಗೆ ಹೋಗದಿದ್ದರೆ ಸಾಕು. ಸಂಜೆ ಮಾತ್ರ ಎದುರು ಬಿಸಿಲು ಜೋರು.

ಹಳೇ ಬೋಟಿನಲ್ಲಿ ಗಂಟೆ ಯಾಕೆ ಬಾರಿಸ್ತಾರೆ?

ಇದನ್ನು ಗಮನಿಸಿ ಕೇಳಿದವರಿಗೆ ಶಹಬ್ಬಾಸ್. ಬೋಟಿನ ಮುಂದೆ ಚಕ್ರ ಹಿಡಿದು ನಿಂತವನು ಸ್ರಾಂಕ್. ಅವನ ಕೈಯಲ್ಲಿ ದಿಕ್ಕು ಮಾತ್ರ ಇದೆ, ವೇಗ ಇಲ್ಲ. ಎಂಜಿನ್ ಬೋಟಿನ ನಡುವೆ ಇರುತ್ತದೆ, ಅದರ ಪಕ್ಕ ಕೂತವನನ್ನು ಡ್ರೈವರ್ ಅಂತಾರೆ. ಅವನಿಗೆ ಮುಂದೆ ಏನಿದೆ ಅಂತ ಕಾಣುವುದೇ ಇಲ್ಲ. ಹಾಗಾಗಿ ಸ್ರಾಂಕ್ ಹಗ್ಗ ಎಳೆದು ಗಂಟೆ ಹೊಡೆಯುತ್ತಾನೆ. ಆ ಸದ್ದು ಕೇಳಿ ಡ್ರೈವರ್ ವೇಗ ಏರಿಸುತ್ತಾನೆ, ಇಳಿಸುತ್ತಾನೆ, ಹಿಂದಕ್ಕೆ ತಿರುಗಿಸುತ್ತಾನೆ.

ಜೆಟ್ಟಿ ಹತ್ತಿರ ಬಂದಾಗ ನೋಡಬೇಕು. ಗಂಟೆ ಮೇಲೆ ಗಂಟೆ. ಎಂಜಿನ್ ಒಮ್ಮೆ ಗೊರಗೊರ ಅಂದು ಸುಮ್ಮನಾಗುತ್ತದೆ, ಮತ್ತೆ ಹಿಂದಕ್ಕೆ ತಿರುಗಿ ನೀರು ಕದಡುತ್ತದೆ. ಅಷ್ಟರಲ್ಲಿ ಲಸ್ಕರ್ ಅನ್ನುವ ಬೋಟಿನ ಆಳು ಹಗ್ಗ ಹಿಡಿದು ಜೆಟ್ಟಿಗೆ ಹಾರಿ ಗೂಟಕ್ಕೆ ಸುತ್ತಿರುತ್ತಾನೆ. ಮುಂದಿರುವವನಿಗೆ ಎಂಜಿನ್ ಮುಟ್ಟಲಾಗದು, ಎಂಜಿನ್ ಮುಂದಿರುವವನಿಗೆ ದಾರಿ ಕಾಣದು. ಆದರೂ ಬೋಟು ಜೆಟ್ಟಿಯ ಟಯರಿಗೆ ಮೆತ್ತಗೆ ಒರಗುತ್ತದೆ.

ಅಮ್ಮನಿಗೆ ಮೊಣಕಾಲು ನೋವು. ಹತ್ತಿ ಇಳಿಯೋಕೆ ಆಗುತ್ತಾ?

ವಾಟರ್ ಮೆಟ್ರೋದಲ್ಲಿ ಆರಾಮಾಗಿ ಆಗುತ್ತದೆ. ಅದರ ಜೆಟ್ಟಿ ತೇಲುವಂಥದ್ದು. ಕೊಚ್ಚಿಯಲ್ಲಿ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟ ಸುಮಾರು ಒಂದು ಮೀಟರ್ ವ್ಯತ್ಯಾಸವಾಗುತ್ತದೆ. ನೀರು ಏರಿದರೆ ಜೆಟ್ಟಿಯೂ ಬೋಟೂ ಒಟ್ಟಿಗೆ ಏರುತ್ತವೆ, ಹಾಗಾಗಿ ಮಧ್ಯೆ ಮೆಟ್ಟಿಲಿಲ್ಲ. ವೀಲ್‌ಚೇರ್ ಕೂಡ ಹೋಗುತ್ತದೆ.

ಹಳೇ ಜೆಟ್ಟಿ ಕಲ್ಲು ಕಾಂಕ್ರೀಟಿನದು, ಅದು ಅಲುಗಾಡುವುದಿಲ್ಲ. ಇಳಿತದ ಹೊತ್ತಿಗೆ ಬೋಟು ಕೆಳಗಿರುತ್ತದೆ, ಕಾಲು ಚಾಚಿ ಇಳಿಯಬೇಕು. ಸಿಬ್ಬಂದಿ ಕೈ ಹಿಡಿಯುತ್ತಾರೆ ನಿಜ, ಆದರೆ ಮೊಣಕಾಲು ನೋವಿರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಈಜು ಬರಲ್ಲ. ಸೇಫಾ?

ಹೌದು ಅಂತಲೇ ಹೇಳುತ್ತೇನೆ, ಆದರೆ ಕಣ್ಣು ಮುಚ್ಚಿ ಅಲ್ಲ. 2015ರ ಆಗಸ್ಟ್‌ನಲ್ಲಿ ಫೋರ್ಟ್ ಕೊಚ್ಚಿ ಹತ್ತಿರ ಮೀನುಗಾರಿಕೆ ಬೋಟೊಂದು ವೈಪಿನ್‌ನಿಂದ ಬರುತ್ತಿದ್ದ ಪ್ರಯಾಣಿಕರ ಬೋಟಿಗೆ ಡಿಕ್ಕಿ ಹೊಡೆದು 11 ಜನ ತೀರಿಕೊಂಡರು. ಅಲ್ಲಿನವರು ಇನ್ನೂ ಮರೆತಿಲ್ಲ. ಈಗ ಆ ದಾರಿಯಲ್ಲಿ ರೋ-ರೋ ಓಡುತ್ತದೆ.

ಲೈಫ್ ಜಾಕೆಟ್ ಎಲ್ಲಿದೆ ಅಂತ ಹತ್ತಿದ ತಕ್ಷಣ ನೋಡಿಕೊಳ್ಳಿ. ಬೋಟು ಕಟ್ಟುವ ಮುಂಚೆಯೇ ಎದ್ದು ಬಾಗಿಲಿಗೆ ನುಗ್ಗಬೇಡಿ. ತುಂಬಿ ತುಳುಕುತ್ತಿದ್ದರೆ ಬಿಟ್ಟುಬಿಡಿ, ಇನ್ನೊಂದು ಬರುತ್ತದೆ.

ತಿಂಡಿ, ಟಾಯ್ಲೆಟ್?

ಬೋಟಿನಲ್ಲಿ ಎರಡೂ ನಂಬಿಕೊಂಡು ಹೋಗಬೇಡಿ. ಜೆಟ್ಟಿಯಲ್ಲೇ ಮುಗಿಸಿ.

ಫೋಟೋ ತೆಗೀಬಹುದಾ?

ಧಾರಾಳವಾಗಿ. ಆದರೆ ವಿಲ್ಲಿಂಗ್ಡನ್ ದ್ವೀಪದ ಕಡೆ ನೌಕಾಪಡೆಯ ದಕ್ಷಿಣ ಕಮಾಂಡ್ ಇದೆ. ನಿಷೇಧದ ಬೋರ್ಡು ಇರುವ ಕಡೆ, ಯುದ್ಧ ಹಡಗು ನಿಂತ ಕಡೆ ಕ್ಯಾಮೆರಾ ಕೆಳಗಿಡಿ. ಡ್ರೋನ್ ಆಸೆ ಮನೆಯಲ್ಲೇ ಬಿಟ್ಟು ಬನ್ನಿ. ಇನ್ನೊಂದು ಮಾತು: ಎದುರು ಕೂತವರು ದಿನದ ಕೆಲಸ ಮುಗಿಸಿ ಮನೆಗೆ ಹೊರಟವರು. ಕೇಳದೆ ಅವರ ಮುಖಕ್ಕೆ ಮೊಬೈಲ್ ಹಿಡಿಯುವುದು ಚೆನ್ನಾಗಿರಲ್ಲ.

ಮಳೆಗಾಲದಲ್ಲಿ ಬೋಟು ಓಡುತ್ತಾ?

ಓಡುತ್ತದೆ. ಬಿರುಗಾಳಿ ಇದ್ದಾಗ ನಿಲ್ಲಿಸುತ್ತಾರೆ, ಬಿಟ್ಟರೆ ಕೊಚ್ಚಿಯವರಿಗೆ ಮಳೆ ಹೊಸದೇನಲ್ಲ. ಹಳೇ ಬೋಟಿನಲ್ಲಿ ಪರದೆ ಇಳಿಬಿಡುತ್ತಾರೆ, ಆಗ ಏನೂ ಕಾಣುವುದಿಲ್ಲ, ಒಳಗೆ ಸೆಕೆ ಬೇರೆ. ಆ ತಿಂಗಳುಗಳಲ್ಲಿ ವಾಟರ್ ಮೆಟ್ರೋ ಮೇಲು.

ಮಳೆ ಬಿದ್ದ ಮೇಲೆ ನೀರಿನ ತುಂಬ ಅಂತರಗಂಗೆ ತೇಲಿಕೊಂಡು ಬರುತ್ತದೆ. ನೋಡಲು ಹಸಿರು ಗದ್ದೆ, ಬೋಟಿನವರಿಗೆ ತಲೆನೋವು. ಪಂಖಕ್ಕೆ ಸಿಕ್ಕಿಕೊಂಡರೆ ಬೋಟು ನಿಲ್ಲಿಸಿ ಬಿಡಿಸಬೇಕು. ಬೇಸಿಗೆಯಲ್ಲಿ ಕಡಲ ಉಪ್ಪುನೀರು ಒಳಗೆ ನುಗ್ಗಿದಾಗ ಅದು ತಾನೇ ಸಾಯುತ್ತದೆ.

## ಯಾವ ದಾರಿ, ಎಷ್ಟು ಹೊತ್ತು

ಒಂದೇ ದಿನ ಇದೆ. ಬೋಟಿನಲ್ಲೇ ಸುತ್ತೋಕೆ ಒಂದು ದಾರಿ ಹೇಳಿ.

ಬಂದ ದಾರಿಯಲ್ಲೇ ವಾಪಸ್ ಹೋಗಬೇಡಿ, ಒಂದು ಸುತ್ತು ಹಾಕಿ. ಬೆಳಿಗ್ಗೆ ಹೈಕೋರ್ಟ್‌ನಿಂದ ವಾಟರ್ ಮೆಟ್ರೋ ಹಿಡಿದು ವೈಪಿನ್‌ಗೆ ಹೋಗಿ. ಅಲ್ಲಿ ಇಳಿದು ಪಕ್ಕದಲ್ಲೇ ಇರುವ ರೋ-ರೋ ಹತ್ತಿ. ಐದು ನಿಮಿಷದಲ್ಲಿ ಅಳಿವೆ ದಾಟಿ ಫೋರ್ಟ್ ಕೊಚ್ಚಿ ಬರುತ್ತದೆ. ಅಳಿವೆಯಲ್ಲಿ ನಿಂತಾಗ ಒಂದು ಕಡೆ ಇಡೀ ಬಂದರು, ಇನ್ನೊಂದು ಕಡೆ ಬರೀ ಅರಬ್ಬೀ ಸಮುದ್ರ. ಎರಡನ್ನೂ ಒಟ್ಟಿಗೆ ತೋರಿಸುವ ದಾರಿ ಈ ಬೋಟುಗಳಲ್ಲಿ ಇದೊಂದೇ.

ಫೋರ್ಟ್ ಕೊಚ್ಚಿಯಲ್ಲಿ ದಡದ ಉದ್ದಕ್ಕೂ ಚೀನೀ ಬಲೆಗಳಿವೆ. ಉದ್ದದ ಮರದ ಕೈಗೆ ಬಲೆ ಕಟ್ಟಿರುತ್ತಾರೆ, ಹಿಂದೆ ಹಗ್ಗಕ್ಕೆ ಕಲ್ಲುಗಳನ್ನು ಪೋಣಿಸಿ ತೂಕ ಕೊಟ್ಟಿರುತ್ತಾರೆ. ನಾಲ್ಕೈದು ಜನ ಸೇರಿ ಹಗ್ಗ ಎಳೆಯುತ್ತಾರೆ, ಬಲೆ ಎದ್ದು ಬರುತ್ತದೆ. ಮೀನು ಎಷ್ಟು ಅಂದರೆ, ಹಲವು ಸಲ ಒಂದು ಹಿಡಿ. ಹತ್ತಿರದಲ್ಲೇ ಸೇಂಟ್ ಫ್ರಾನ್ಸಿಸ್ ಚರ್ಚ್. ವಾಸ್ಕೋ ಡ ಗಾಮನನ್ನು 1524ರಲ್ಲಿ ಮೊದಲು ಹೂತದ್ದು ಇಲ್ಲೇ, ಆಮೇಲೆ ಪೋರ್ಚುಗಲ್‌ಗೆ ಒಯ್ದರು.

ಅಲ್ಲಿಂದ ಬಜಾರ್ ರಸ್ತೆ ಹಿಡಿದು ಮಟ್ಟಾಂಚೇರಿಗೆ ನಡೆಯಿರಿ. ಮೂರು ಕಿಲೋಮೀಟರಿನ ಒಳಗೆ. ದಾರಿಯ ಒಂದು ಬದಿಗೆ ಹಳೇ ಗೋದಾಮುಗಳು, ಅವುಗಳ ಬೆನ್ನು ನೀರಿಗೆ. ಶುಂಠಿ, ಮೆಣಸಿನ ವಾಸನೆ ಮೂಗಿಗೆ ಬಡಿಯುತ್ತದೆ. ಕೊನೆಗೆ ಮಟ್ಟಾಂಚೇರಿ ಅರಮನೆ, 1568ರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಶುಕ್ರವಾರ ಅರಮನೆ ಮುಚ್ಚಿರುತ್ತದೆ, ಶನಿವಾರ ಸಿನಗಾಗ್ ಮುಚ್ಚಿರುತ್ತದೆ. ಹಾಗಾಗಿ ಆ ಎರಡು ದಿನ ಬಿಟ್ಟು ಹೋಗಿ. ವಾಪಸ್ ಬರಲು ಮಟ್ಟಾಂಚೇರಿಯಲ್ಲೇ ವಾಟರ್ ಮೆಟ್ರೋ ಜೆಟ್ಟಿ ಇದೆ, 2025ರ ಅಕ್ಟೋಬರ್‌ನಲ್ಲಿ ತೆರೆದದ್ದು.

ಬೈಕಿನಲ್ಲಿ ಬರ್ತಾ ಇದ್ದೀವಿ. ಬೋಟಿನಲ್ಲಿ ಹಾಕ್ಬಹುದಾ?

ರೋ-ರೋದಲ್ಲಿ ಹಾಕಬಹುದು. ನಮ್ಮ ಸಿಗಂದೂರು ಲಾಂಚ್ ನೆನಪಿದೆಯಲ್ಲ, ಸೇತುವೆ ಬರುವ ಮೊದಲು ಬಸ್ಸು ಜೀಪೆಲ್ಲ ಹತ್ತಿಸಿಕೊಂಡು ಹೋಗುತ್ತಿದ್ದದ್ದು, ಅದೇ ಥರ. ಹೆಸರು ಸೇತುಸಾಗರ್, 2018ರಲ್ಲಿ ಶುರುವಾಯಿತು. ಇದಿಲ್ಲದಿದ್ದರೆ ವೈಪಿನ್‌ನಿಂದ ಫೋರ್ಟ್ ಕೊಚ್ಚಿಗೆ ಊರೆಲ್ಲ ಸುತ್ತಿ ಹೋಗಬೇಕು. ಬೆಳಿಗ್ಗೆ, ಸಂಜೆ ವಾಹನಗಳ ಸಾಲು ಉದ್ದ ಇರುತ್ತದೆ. ನಡೆದು ಹೋಗುವವರು ಮಾತ್ರ ಪಕ್ಕದಿಂದ ನುಸುಳಿ ಮುಂದೆ ಹೋಗಿಬಿಡುತ್ತಾರೆ.

ಡಾಲ್ಫಿನ್ ಕಾಣುತ್ತೆ ಅಂತಾರೆ, ನಿಜಾನಾ?

ನಿಜ. ಅಳಿವೆಯ ಹತ್ತಿರ ಗೂನುಬೆನ್ನಿನ ಡಾಲ್ಫಿನ್‌ಗಳು ಮೀನು ಹುಡುಕಿ ಒಳಗೆ ಬರುತ್ತವೆ. ನಗರದ ಮಗ್ಗುಲಲ್ಲೇ, ಹಡಗುಗಳ ನಡುವೆ. ಹಾಗಂತ ಡಾಲ್ಫಿನ್ ತೋರಿಸುತ್ತೇನೆ ಅಂದವರಿಗೆ ಜಾಸ್ತಿ ದುಡ್ಡು ಕೊಡಬೇಡಿ. ಸುಮ್ನೆ ಫೋರ್ಟ್ ಕೊಚ್ಚಿಯ ದಡದಲ್ಲಿ ನೀರು ನೋಡುತ್ತಾ ನಿಲ್ಲಿ.

ಈ ಬೋಟುಗಳು ಕಡಲಿಗೆ ಹೋಗ್ತಾವಾ?

ಇಲ್ಲ, ಎಲ್ಲ ಒಳನೀರಿನಲ್ಲೇ. ಕಡಲಿಗೆ ಇಳಿಯಲೇಬೇಕು ಅಂದರೆ ಟೂರಿಸ್ಟ್ ಬೋಟೇ ಗತಿ. ಸರ್ಕಾರಿ ನಿಗಮದ ಸಾಗರರಾಣಿ ಅಂಥದ್ದು.

ವೈಟ್ಟಿಲದಿಂದ ಕಾಕ್ಕನಾಡಿಗೆ ಹೋಗೋ ವಾಟರ್ ಮೆಟ್ರೋ ಹೇಗಿದೆ?

ಅದರಲ್ಲಿ ಬಂದರು ಸಿಗುವುದಿಲ್ಲ. ತೆಂಗು, ಪೊದೆ, ಹಿತ್ತಿಲು ಸಿಗುತ್ತವೆ. ಐಟಿ ಕಂಪನಿಗಳ ಕಡೆ ಹೋಗುವ ದಾರಿ. ವೈಟ್ಟಿಲದಲ್ಲಿ ಮೆಟ್ರೋ ರೈಲು, ಬಸ್ಸು, ಬೋಟು ಮೂರೂ ಒಂದೇ ಕಡೆ ಇರುವುದನ್ನು ನೋಡಬೇಕಾದರೆ ಹೋಗಿ. ಸಮಯ ಕಮ್ಮಿ ಇದ್ದರೆ ಬಿಟ್ಟುಬಿಡಿ.

## ಇನ್ನೂ ಕೆದಕುವವರಿಗೆ

ವಿಲ್ಲಿಂಗ್ಡನ್ ದ್ವೀಪ ಮನುಷ್ಯರು ಮಾಡಿದ್ದಂತೆ. ಹೇಗೆ?

ಕೊಚ್ಚಿಯ ಒಳನೀರು ಮೊದಲಿಂದಲೂ ವಿಶಾಲ, ಶಾಂತ. ತೊಡಕು ಇದ್ದದ್ದು ಬಾಗಿಲಲ್ಲಿ. ಅಳಿವೆಯ ಆಚೆ ಗಟ್ಟಿ ಮರಳಿನ ದಿಬ್ಬ ಅಡ್ಡ ಇತ್ತು. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಿ, ಸರಕನ್ನು ದೋಣಿಗಳಿಗೆ ಇಳಿಸಿ ಸಾಗಿಸಬೇಕಿತ್ತು. ಮಳೆಗಾಲದಲ್ಲಿ ಅದೂ ಕಷ್ಟ.

1920ರಲ್ಲಿ ರಾಬರ್ಟ್ ಬ್ರಿಸ್ಟೋ ಅನ್ನುವ ಇಂಗ್ಲಿಷ್ ಎಂಜಿನಿಯರ್ ಇಲ್ಲಿಗೆ ಬಂದ. ಮರಳುದಿಬ್ಬ ಕಡಿದರೆ ವೈಪಿನ್ ದಡ ಕೊಚ್ಚಿಹೋಗುತ್ತದೆ ಅನ್ನುವ ಭಯ ಜನರಿಗಿತ್ತು. ಅವನು ದಡಕ್ಕೆ ಕಲ್ಲಿನ ಕಟ್ಟೆ ಕಟ್ಟಿಸಿ, ದಿಬ್ಬದ ನಡುವೆ ಆಳದ ಕಾಲುವೆ ತೆಗೆಸಿದ. 1928ರಲ್ಲಿ ‘ಪದ್ಮಾ’ ಅನ್ನುವ ಹಡಗು ಮೊದಲ ಸಲ ಒಳಗೆ ಬಂತು. ಒಳಗಿನ ಕಾಲುವೆಗಳನ್ನೂ ಆಳ ಮಾಡಬೇಕಿತ್ತಲ್ಲ, ಆ ಹೂಳನ್ನು ಎಲ್ಲಿ ಸುರಿಯುವುದು? ವೆಂಡುರುತ್ತಿ ಅನ್ನುವ ಸಣ್ಣ ದ್ವೀಪದ ಪಕ್ಕಕ್ಕೆ ಸುರಿದರು. ಅದು ಬೆಳೆದು ಬಂದರಿನ ಕಚೇರಿ, ರೈಲು ನಿಲ್ದಾಣ, ವಿಮಾನ ನಿಲ್ದಾಣ ಎಲ್ಲ ಹಿಡಿಸುವ ನೆಲವಾಯಿತು. ಮದ್ರಾಸಿನ ಗವರ್ನರ್ ಆಗಿದ್ದ ವಿಲ್ಲಿಂಗ್ಡನ್ ಹೆಸರನ್ನೇ ಇಟ್ಟರು.

ದ್ವೀಪದ ಪೂರ್ವಕ್ಕಿರುವುದು ಎರ್ನಾಕುಳಂ ಚಾನಲ್, ಪಶ್ಚಿಮಕ್ಕೆ ಮಟ್ಟಾಂಚೇರಿ ಚಾನಲ್. ಬೋಟಿನಲ್ಲಿ ಕೂತಾಗ ಈ ಎರಡು ಹೆಸರು ತಲೆಯಲ್ಲಿದ್ದರೆ ದಿಕ್ಕು ತಪ್ಪುವುದಿಲ್ಲ.

ಹಾಗಾದ್ರೆ ಬ್ರಿಸ್ಟೋಗಿಂತ ಮೊದಲು ಕೊಚ್ಚಿ ಬಂದರೇ ಅಲ್ವಾ?

ಖಂಡಿತ ಆಗಿತ್ತು. ಹಳೇ ಕಾಲದ ದೊಡ್ಡ ಬಂದರು ಉತ್ತರಕ್ಕಿದ್ದ ಮುಸಿರಿಸ್. 1341ರಲ್ಲಿ ಪೆರಿಯಾರ್ ನದಿಗೆ ಭಾರಿ ಪ್ರವಾಹ ಬಂದು ಆ ಕಡೆ ಹೂಳು ತುಂಬಿತು, ಕೊಚ್ಚಿಯಲ್ಲಿ ಬಾಯಿ ತೆರೆಯಿತು ಅಂತ ಹೇಳುತ್ತಾರೆ. ಆಮೇಲೆ ಅರಬರು, ಚೀನೀಯರು, ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಸಾಲಾಗಿ ಬಂದರು. ಇಂಗ್ಲಿಷರ ಕಾಲದಲ್ಲಿ ಫೋರ್ಟ್ ಕೊಚ್ಚಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಪಕ್ಕದ ಮಟ್ಟಾಂಚೇರಿ ಕೊಚ್ಚಿ ರಾಜರದ್ದು. ನೀವು ನಡೆದ ಬಜಾರ್ ರಸ್ತೆಯಲ್ಲಿ ಆಡಳಿತವೇ ಬದಲಾಗುತ್ತಿತ್ತು.

ಸೇತುವೆ ಇದ್ದ ಮೇಲೆ ಬೋಟು ಯಾರಿಗೆ ಬೇಕು?

ಗೋಶ್ರೀ ಸೇತುವೆಗಳು 2004ರಲ್ಲಿ ಬಂದವು. ಎರ್ನಾಕುಳಂನಿಂದ ಬೋಲ್ಗಾಟ್ಟಿ, ವಲ್ಲಾರ್‌ಪಾಡಂ ದಾಟಿ ವೈಪಿನ್‌ಗೆ ರಸ್ತೆಯಾಯಿತು. ಅದಕ್ಕೂ ಮುಂಚೆ ದ್ವೀಪದವರಿಗೆ ಆಸ್ಪತ್ರೆಗೂ ಬೋಟೇ ಆಗಿತ್ತು. ಸೇತುವೆ ಅವರಿಗೆ ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಬೋಟಿಗೆ ಜನ ಕಮ್ಮಿಯಾದದ್ದೂ ನಿಜ. ಆದರೆ ಸಂಜೆ ಆರು ಗಂಟೆಗೆ ಆ ರಸ್ತೆಯಲ್ಲಿ ಸಿಕ್ಕಿಕೊಂಡವರಿಗೆ ಉತ್ತರ ಗೊತ್ತಿದೆ.

ಬ್ಯಾಟರಿ ಬೋಟು ಮಧ್ಯೆ ನಿಂತುಹೋದ್ರೆ?

ಡೀಸೆಲ್ ಜನರೇಟರ್ ಕೂಡ ಇದೆ, ಅದಕ್ಕೇ ಹೈಬ್ರಿಡ್ ಅನ್ನುವುದು. ಬ್ಯಾಟರಿ ಲಿಥಿಯಂ ಟೈಟನೇಟ್ ಬಗೆಯದು, ಹತ್ತು ಹದಿನೈದು ನಿಮಿಷದಲ್ಲಿ ಚಾರ್ಜ್ ಆಗುತ್ತದೆ. ಜನ ಹತ್ತಿ ಇಳಿಯುವ ಹೊತ್ತಿನಲ್ಲೇ ಜೆಟ್ಟಿಯಲ್ಲಿ ಪ್ಲಗ್ ಹಾಕುತ್ತಾರೆ. ಬೋಟು ಕಟ್ಟಿದ್ದು ಇದೇ ಊರಿನ ಕೊಚ್ಚಿನ್ ಶಿಪ್‌ಯಾರ್ಡ್. ವಿಮಾನವಾಹಕ ಹಡಗು ವಿಕ್ರಾಂತ್ ಕಟ್ಟಿದ ಅದೇ ಜಾಗ. ದೊಡ್ಡ ಬೋಟಿನಲ್ಲಿ 100 ಜನ, ಅರ್ಧ ಕೂತು ಅರ್ಧ ನಿಂತು. ಯೋಜನೆ ಪೂರ್ತಿಯಾದರೆ 78 ಬೋಟು, 38 ಜೆಟ್ಟಿ. ಹಣದಲ್ಲಿ ದೊಡ್ಡ ಪಾಲು ಜರ್ಮನಿಯ ಬ್ಯಾಂಕಿನ ಸಾಲ.

ಮಂಗಳೂರಿಗೂ ವಾಟರ್ ಮೆಟ್ರೋ ಬರುತ್ತಂತೆ. ಕೊಚ್ಚಿ ಥರ ಆಗುತ್ತಾ?

ನೇತ್ರಾವತಿ, ಗುರುಪುರ ನದಿಗಳಲ್ಲಿ ಬೋಟು ಓಡಿಸುವ ಪ್ರಸ್ತಾವ ಕರ್ನಾಟಕ ಜಲಸಾರಿಗೆ ಮಂಡಳಿಯ ಮುಂದಿದೆ. ಆಗಲಿ ಅಂತ ನನಗೂ ಆಸೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಕೊಚ್ಚಿಯಲ್ಲಿ ಹೊಸ ಬೋಟು ಬರುವ ಮೊದಲೇ ಬೋಟಿನಲ್ಲಿ ಓಡಾಡುವ ಜನ ಇದ್ದರು. ಜೆಟ್ಟಿಯಿಂದ ಆಫೀಸಿಗೆ ನಡೆಯುವ ರೂಢಿ ಇತ್ತು. ಜೆಟ್ಟಿಗೆ ಬಸ್ಸು ಬರದಿದ್ದರೆ, ಟಿಕೆಟ್ ಟೂರಿಸ್ಟ್ ದರದಲ್ಲಿದ್ದರೆ, ಅದು ಭಾನುವಾರದ ಬೋಟಾಗಿಬಿಡುತ್ತದೆ.

ಮಟ್ಟಾಂಚೇರಿಯಲ್ಲಿ ಕೊಂಕಣಿ ಕೇಳಿಸ್ತು, ಏನು ಕಥೆ?

ಗೋವಾದಲ್ಲಿ ಪೋರ್ಚುಗೀಸರ ಕಾಟಕ್ಕೆ ಊರು ಬಿಟ್ಟ ಗೌಡ ಸಾರಸ್ವತರು ಕರಾವಳಿ ಹಿಡಿದು ದಕ್ಷಿಣಕ್ಕೆ ಬಂದರು. ಕೆಲವರು ನಮ್ಮ ಕುಮಟಾ, ಮಂಗಳೂರಿನ ಕಡೆ ನೆಲೆ ನಿಂತರು, ಕೆಲವರು ಇಲ್ಲಿಯವರೆಗೆ ಬಂದರು. ಚೆರ್ಲಾಯಿಯಲ್ಲಿ ಅವರ ತಿರುಮಲ ದೇವಸ್ವಂ ದೇವಸ್ಥಾನ ಇದೆ. ಜೆಟ್ಟಿಯಿಂದ ದೂರವಿಲ್ಲ. ಮಂಗಳೂರಿನ ಕೊಂಕಣಿ ಮಾತಾಡಿ ನೋಡಿ, ರಾಗ ಬೇರೆ ಅನ್ನಿಸಿದರೂ ಮಾತು ನಡೆಯುತ್ತದೆ.

ಕೊಚ್ಚಿ ಮುಗೀತು. ಇದೇ ಥರ ಹತ್ತಿರದಲ್ಲಿ ಇನ್ನೇನಿದೆ?

ಎರಡು ಹೇಳುತ್ತೇನೆ. ವೈಕ್ಕಂನಿಂದ ತವಣಕ್ಕಡವಿಗೆ ಹೋಗುವ ಬೋಟುಗಳಲ್ಲಿ ಒಂದರ ಹೆಸರು ‘ಆದಿತ್ಯ’. 2017ರಲ್ಲಿ ನೀರಿಗಿಳಿದ ದೇಶದ ಮೊದಲ ಸೌರಶಕ್ತಿ ಪ್ರಯಾಣಿಕರ ಬೋಟು ಅದು. ಎಂಜಿನ್ ಸದ್ದೇ ಇಲ್ಲ. ಇನ್ನೊಂದು, ಆಲಪ್ಪುಳದಿಂದ ಕೋಟ್ಟಯಂಗೆ ಹೋಗುವ ಸರ್ಕಾರಿ ಬೋಟು. ಸುಮಾರು ಎರಡೂವರೆ ಗಂಟೆ, ಗದ್ದೆಗಳ ನಡುವೆ. ಹೌಸ್‌ಬೋಟಿಗೆ ಸಾವಿರಗಟ್ಟಲೆ ಕೊಟ್ಟವರು ಹೋಗುವ ಕಡೆಗೇ ಇದೂ ಹೋಗುತ್ತದೆ. ದಿನಕ್ಕೆ ಕೆಲವೇ ಬೋಟು ಇರುತ್ತವೆ, ಹೊರಡುವ ಹಿಂದಿನ ದಿನವೇ ಆಲಪ್ಪುಳ ಜೆಟ್ಟಿಯಲ್ಲಿ ಸಮಯ ಕೇಳಿಕೊಳ್ಳಿ.